ಮೂವತ್ತೊಂದು ಮನೆಗಳ ಇನಿಷಿಯಲ್

ಪದಗಳನ್ನು ಮೊಟಕು ಮಾಡಿ ಚುಕ್ಕಿ ಇಡುವ ಅಭ್ಯಾಸವನ್ನು ಶುರು ಮಾಡಿದವನು ಯಾರೋ ನನಗೆ ಗೊತ್ತಿಲ್ಲ. ಗೊತ್ತಾದರೆ ಸುಮ್ಮನೆ ಬಿಡುವುದಿಲ್ಲ. ಅವನಿಗೊಂದು ಖಾರವಾದ ಪತ್ರ ಬರೆಯುತ್ತೇನೆ. (ಎದುರು ನಿಂತು ಬೈಯಬಾರದೇ ಎಂದು ನೀವು ಕೇಳಬಹುದು. ಎದುರು ನಿಂತರೆ ನನ್ನ ಬಾಯಿ ತೆರೆಯುವುದಿಲ್ಲ. ನನ್ನ ಸಿಟ್ಟೆಲ್ಲ ಕಾಗದದ ಮೇಲೆಯೇ.)

ಸಿಟ್ಟಿನ ಮೂಲಸ್ಥಾನ ನಮ್ಮ ಮನೆಯ ಫ್ರಿಜ್ಜು. ಫ್ರಿಜ್ಜಿನ ತಪ್ಪೇನೂ ಇಲ್ಲ, ಅದರ ಬಾಗಿಲಿಗೆ ಅಪ್ಪ ಅಂಟಿಸುವ ಚೀಟಿಗಳದ್ದು ತಪ್ಪು. ನಮ್ಮಪ್ಪ ಮಹಾಬಲೇಶ್ವರ ಪ್ರತಿದಿನ ಬೆಳಗ್ಗೆ ಏಳಕ್ಕೆ, ಆಮ್‌ಸ್ಟರ್‌ಡಾಮಿನ ವಿಮಾನ ನಿಲ್ದಾಣದ ಪಕ್ಕದ ಬಾಡ್‌ಹೂವೆಡಾರ್ಪಿನ ನಮ್ಮ ಮನೆಯಿಂದ ಸೈಕಲ್ ಏರಿ ಆಫೀಸಿಗೆ ಹೊರಡುತ್ತಾರೆ. ಹೊರಡುವ ಮುಂಚೆ ಆ ದಿನದ ರಾಜಾಜ್ಞೆಯನ್ನು ಇಂಗ್ಲಿಷಿನಲ್ಲಿ ಬರೆದು ಅಲ್ಲಿ ಅಂಟಿಸುತ್ತಾರೆ. ಇಂಗ್ಲಿಷ್ ಎಂದರೆ ಮೈತುಂಬಿದ ಇಂಗ್ಲಿಷ್ ಅಲ್ಲ, ಅದರ ಎಲುಬುಗಳು. ಈ ಜನವರಿಯ ಒಂದು ಬುಧವಾರ ಅಲ್ಲಿದ್ದದ್ದು ಇಷ್ಟು: ‘ಪ್ಲೀ. ಸಿ. ಔಟ್ ಬಿಫೋ. 8. ಇಂಪಾ.’

ಅಮ್ಮ ಅದನ್ನು ಓದಿ ಎಂಟಕ್ಕೆ ಮುಂಚೆಯೇ ಫ್ರಿಜ್ಜಿನಿಂದ ಮೊಸರು ತೆಗೆದು ಹೊರಗಿಟ್ಟಳು. ನಾನು ಎದ್ದು ಬಂದು, ತುಂಬ ಯೋಚಿಸಿ, ನಡುಮನೆಯ ಕಾರ್ಪೆಟ್ಟನ್ನು ಸುತ್ತಿ ಹಿತ್ತಲಿನಲ್ಲಿ ಹರಡಿದೆ. (ಒಂಬತ್ತಕ್ಕೆ ಮಳೆ ಬಂತು.) ಹನ್ನೆರಡು ವರ್ಷದ ತಂಗಿ ಅಮೂಲ್ಯಾ ಚಿಪ್ಸಿನ ಪೊಟ್ಟಣವನ್ನು ಹೊರತೆಗೆದು ಮುಗಿಸಿದಳು. ಅಪ್ಪ ಹೇಳಿದ್ದು ಕಸದ ಕಂಟೇನರನ್ನು. ಅದರ ಲಾರಿ ನಮ್ಮ ಬೀದಿಗೆ ಬರುವುದು ಎರಡು ವಾರಕ್ಕೊಮ್ಮೆ.

"ಸಿ ಅಂದ್ರೆ ಕಂಟೇನರ್ ಅಂತ ಮಗೂಗೂ ಗೊತ್ತಾಗುತ್ತೆ," ಎಂದರು ಅಪ್ಪ ಸಂಜೆ, ಮೂಗು ಮುಚ್ಚಿಕೊಂಡು.

"ಮಗೂಗೆ ಗೊತ್ತಾಗಿದ್ದು ಚಿಪ್ಸು. ಕೇಳಿ ನೋಡಿ," ಎಂದಳು ಅಮ್ಮ.

"ಪದ್ಮಿನಿ, ಸ್ವಲ್ಪ ಕಾಮನ್ ಸೆನ್ಸ್ ಬೇಕು."

"ಅದೂ ಸಿ ಅಲ್ವಾ? ಎಂಟಕ್ಕೆ ಮುಂಚೆ ಅದನ್ನ ನೀವೇ ಹೊರಗಿಟ್ಟು ಹೋಗಿದ್ರಿ ಅಂತ ಕಾಣುತ್ತೆ."

"ಪೂರ್ತಿ ಬರೆದಿದ್ರೆ ಒಂಬತ್ತೇ ಅಕ್ಷರ ಅಪ್ಪಾ," ಎಂದೆ ನಾನು. ಮನೆಯವರ ಮುಂದೆ ನನಗೆ ಅಷ್ಟು ಮಾತು ಬರುತ್ತದೆ.

ಅಪ್ಪ ನನ್ನನ್ನು ಕನಿಕರದಿಂದ ನೋಡಿದರು. "ಅನಿರುದ್ಧ, ನಾವು ಈ ದೇಶದಲ್ಲಿ ಯಾಕಿದೀವಿ ಅಂತ ಗೊತ್ತಾ ನಿನಗೆ?"

ಗೊತ್ತಿತ್ತು. ಹಿಂದಿನ ಕಾಲದ ಕಂಪ್ಯೂಟರ್ ಪಂಡಿತರು ವರ್ಷಗಳನ್ನು ಬರೆಯುವಾಗ ಮೊದಲ ಎರಡು ಅಂಕಿ ನುಂಗಿಬಿಟ್ಟಿದ್ದರು. 1999 ಎನ್ನುವುದಕ್ಕೆ ಬರೀ 99. ಇನ್ನು ಕೆಲವೇ ತಿಂಗಳಲ್ಲಿ ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರಿಗೆ ಕಾಣುವುದು ಎರಡು ಸೊನ್ನೆ. ಅದು 1900 ಎಂದುಕೊಂಡು, ನಿನ್ನೆ ವಿಮೆ ಮಾಡಿಸಿದವನನ್ನು ಇನ್ನೂ ಹುಟ್ಟಿಲ್ಲ ಎಂದುಬಿಡುತ್ತದೆ. ಈ ಅನಾಹುತ ತಪ್ಪಿಸಲು ಇಲ್ಲಿನ ಒಂದು ವಿಮಾ ಕಂಪನಿ ಬೆಂಗಳೂರಿನಿಂದ ಅಪ್ಪನಂಥ ನಲವತ್ತು ಜನರನ್ನು ಕರೆಸಿಕೊಂಡಿದೆ. ನುಂಗಿದ ಅಂಕಿಗಳನ್ನು ಕಕ್ಕಿಸುವುದೇ ಅವರ ಉದ್ಯೋಗ.

"ಆ ಮಹಾನುಭಾವರು ಅವತ್ತು ಚಿಕ್ಕದಾಗಿ ಬರೆದದ್ದಕ್ಕೇ ಇವತ್ತು ನಮ್ಮನೇಲಿ ಅನ್ನ ಬೇಯ್ತಿದೆ," ಎಂದರು ಅಪ್ಪ. "ಶಾರ್ಟ್ ಫಾರಂ ಅಂದ್ರೆ ಕೈ ಮುಗೀಬೇಕು ನೀನು."

ವೈದ್ಯನೇ ರೋಗಕ್ಕೆ ಹಾರ ಹಾಕಿದ ಹಾಗಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಮಾಳಿಗೆಯ ನನ್ನ ಕೋಣೆಗೆ ಹೋಗಿ ಅಪ್ಪನಿಗೆ ಎರಡು ಪುಟದ ಕಾಗದ ಬರೆದು, ಕೆಳಗೆ ಬಂದು ಫ್ರಿಜ್ಜಿಗೆ ಅಂಟಿಸಿದೆ. ಅಪ್ಪ ಅದರ ತುದಿಯಲ್ಲಿ ‘ನೋಟೆ.’ ಎಂದು ಬರೆದರು. ನೋಟೆಡ್ ಎಂದಿರಬೇಕು. ಇಂದಿಗೂ ಖಚಿತವಿಲ್ಲ.

ನನ್ನ ವಿಷಯ ಹೇಳಿಬಿಡುತ್ತೇನೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನಗೆ ಹದಿನೇಳು ವರ್ಷ. ಓದು ಬಿಟ್ಟಿದ್ದೇನೆ. ಮೈಸೂರಿನಲ್ಲಿ ಪಿಯುಸಿಯ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ದಿನ ಪರೀಕ್ಷಕರು ಮೊದಲ ಪ್ರಶ್ನೆಯಾಗಿ ನನ್ನ ಹೆಸರು ಕೇಳಿದರು. ಉತ್ತರ ಗೊತ್ತಿತ್ತು. ಬಾಯಿಂದ ಹೊರಡಲಿಲ್ಲ. ಕೊನೆಗೆ ಚೀಟಿಯಲ್ಲಿ ಬರೆದುಕೊಟ್ಟೆ. ಆಮೇಲೆ ಅಪ್ಪನಿಗೆ ಇಲ್ಲಿ ಕೆಲಸವಾಗಿ ಎಲ್ಲರೂ ಬಂದಾಗ ಆಮ್‌ಸ್ಟರ್‌ಡಾಮಿನ ಒಂದು ಕಾಲೇಜಿಗೆ ಸೇರಿಸಿದರು. ಅಲ್ಲಿ ವಾರಕ್ಕೊಮ್ಮೆ ಪ್ರತಿಯೊಬ್ಬರೂ ಎದ್ದು ನಿಂತು ಐದು ನಿಮಿಷ ಮಾತಾಡಬೇಕು. ನಾನು ಹನ್ನೊಂದನೆಯ ದಿನ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಅಂದಿನಿಂದ ಲೈಬ್ರರಿಯ ಇಂಗ್ಲಿಷ್ ಪುಸ್ತಕಗಳನ್ನು ತಂದು, ಒಂದು ವಾಕ್ಯವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಬರೆಯುವುದು ಹೇಗೆ ಎಂದು ನನ್ನಷ್ಟಕ್ಕೆ ನಾನೇ ಕಲಿಯುತ್ತಿದ್ದೇನೆ. ಅವುಗಳಿಂದ ನನಗೆ ದೊರೆತ ಸಾರ ಇದು: ಮೊಟಕು ಪದ ಬಳಸಲೇಬೇಕಾದರೆ ಮೊದಲ ಸಲ ಪೂರ್ತಿ ಬರೆಯಬೇಕು, ಅದಕ್ಕೆ ಇನ್ನೊಂದು ಅರ್ಥವೂ ಹೊಂದುವಂತಿದ್ದರೆ ಬಳಸಲೇಬಾರದು, ಓದುವವನಿಗೆ ಗೊತ್ತಿರುತ್ತದೆ ಎಂದು ಎಂದೂ, ಎಂದೆಂದೂ, ಅಂದುಕೊಳ್ಳಬಾರದು.

ಇಂಥ ಜ್ಞಾನಕ್ಕೆ ಈ ಮನೆಯಲ್ಲಿ ಬೆಲೆಯಿರಲಿಲ್ಲ. ಅಷ್ಟರಲ್ಲಿ ನೈಮೆಗನ್‌ನಿಂದ ಶೇಷಾದ್ರಿ ಅಂಕಲ್ ಫೋನ್ ಮಾಡಿದರು. ಅವರು ಈ ದೇಶದ ನಮ್ಮ ಕನ್ನಡ ಕುಟುಂಬಗಳ ಕೂಟಕ್ಕೆ ಅಧ್ಯಕ್ಷರು. ಆರಡಿ ಎರಡಂಗುಲ ಎತ್ತರ, ಡಚ್ಚರ ನಡುವೆ ನಿಂತರೂ ಕಾಣುತ್ತಾರೆ. ಯುಗಾದಿ ಊಟದ ದಿನ ಹಂಚುವುದಕ್ಕೆ ಎಲ್ಲ ಮನೆಗಳ ಹೆಸರು, ವಿಳಾಸ, ಫೋನ್ ನಂಬರಿನ ಪುಸ್ತಕವನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಮಾಡಬೇಕು, ಮನೆಯಲ್ಲೇ ಇರುವ ನಿಮ್ಮ ಹುಡುಗ ಟೈಪ್ ಮಾಡುತ್ತಾನಾ ಎಂದು ಕೇಳಿದರಂತೆ.

ಕಳೆದ ವರ್ಷದ ಪುಸ್ತಕವನ್ನು ಅವರೇ ಮಾಡಿದ್ದರು. ಅದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಡೆಲ್ಫ್ಟಿನ ಬಸವಲಿಂಗಪ್ಪ ಅಂಕಲ್ ಹೆಸರಿನ ಹಿಂದೆ ಬರೀ ‘ಡಾ.’ ಇತ್ತು. ಅವರು ಒಡ್ಡುಗಳ ಮಣ್ಣಿನ ಬಗ್ಗೆ ಸಂಶೋಧನೆ ಮಾಡಿ ಡಾಕ್ಟರ್ ಆದವರು. ಮಕ್ಕಳಿಗೆ ಜ್ವರ ಬಂದವರೆಲ್ಲ ಅವರ ಮನೆಗೆ ಫೋನ್ ಮಾಡಿದರು. ಅವರ ಹೆಂಡತಿ ಗೌರಾಬಾಯಿ ಆಂಟಿ ಫೋನಿನಲ್ಲೇ ಕಷಾಯ ಹೇಳಿಕೊಟ್ಟು ಗುಣವನ್ನೂ ಮಾಡಿದ್ದರಿಂದ ಆರು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಕೆಲವು ನಂಬರಿನ ಮುಂದೆ ‘ಓ’ ಎಂದಿತ್ತು. ಆಫೀಸು ಎಂದುಕೊಂಡು ಎಲ್ಲರೂ ಅದಕ್ಕೇ ಹೊಡೆದರು. ಒಂದು ಮನೆಯವರು ‘ಓಲ್ಡ್’ ಎಂಬ ಅರ್ಥದಲ್ಲಿ ಹಳೆಯ ನಂಬರಿಗೆ ಹಾಗೆ ಬರೆದಿದ್ದರಂತೆ. ಆ ಹಳೆಯ ಮನೆಯಲ್ಲಿ ಈಗಿರುವ ಡಚ್ ಅಜ್ಜಿ ಸಂಕ್ರಾಂತಿ ಹೊತ್ತಿಗೆ ‘ನಮಸ್ಕಾರ, ಚೆನ್ನಾಗಿದೀರಾ’ ಎನ್ನುವುದನ್ನು ಕಲಿತಿದ್ದರು. ‘ಎನ್.ಎ.’ ಎನ್ನುವುದು ನಲವತ್ತಾರು ಕಡೆ ಇತ್ತು. ಒಂದೊಂದು ಕಡೆ ಒಂದೊಂದು ಅರ್ಥ: ಇಲ್ಲ, ಗೊತ್ತಿಲ್ಲ, ಅನ್ವಯಿಸುವುದಿಲ್ಲ, ಹೇಳುವುದಿಲ್ಲ. ಒಂದು ಕಡೆ ಅದು ಯಾರದೋ ಅತ್ತೆಯ ಹೆಸರು.

"ಮಾಡ್ತೀನಿ," ಎಂದೆ.

"ಬರೀ ಮಾಡೋದಲ್ಲ," ಎಂದರು ಅಪ್ಪ. ಅವರು ಊಟದ ತಟ್ಟೆ ಸರಿಸಿ ಗಂಭೀರರಾದರು. "ಎಂಬತ್ತು ಜನ ಓದೋ ಪುಸ್ತಕ ಇದು. ಅದರ ಮೇಲೆ ಒಂದೇ ಒಂದು ಕಂಪ್ಲೇಂಟ್ ಬರದ ಹಾಗೆ ಮಾಡಿ ತೋರಿಸು. ಆಮೇಲೆ ನಾನು ಕಾಲೇಜಿನ ಸುದ್ದಿ ಎತ್ತಲ್ಲ, ನೀನು ಇಲ್ಲೇ ಇರು. ಒಂದು ಕಂಪ್ಲೇಂಟ್ ಬಂತೋ, ಜೂನಿಗೆ ಮೈಸೂರು. ಪ್ರಹ್ಲಾದನ ಟ್ಯುಟೋರಿಯಲ್."

"ರೀ, ಅವನು ಹೇಗೆ ಅಲ್ಲಿ..." ಎಂದು ಅಮ್ಮ ಶುರು ಮಾಡಿದಳು.

"ಬಾಯಿ ಬಿಡೋಕೆ ಬರಲ್ಲ ಅಂತ ತಾನೇ? ಪ್ರಹ್ಲಾದ ಬಿಡಿಸ್ತಾನೆ."

ಪ್ರಹ್ಲಾದ ಚಿಕ್ಕಪ್ಪನ ಟ್ಯುಟೋರಿಯಲ್ಲನ್ನು ನಾನು ನೋಡಿದ್ದೇನೆ. ಅಲ್ಲಿ ದಿನಾ ಬೆಳಗ್ಗೆ ಒಬ್ಬೊಬ್ಬರೂ ಕಟ್ಟೆ ಹತ್ತಿ ಹಿಂದಿನ ದಿನದ ಪಾಠ ಒಪ್ಪಿಸಬೇಕು. ಕಟ್ಟೆಯ ಮೇಲೆ ಮೈಕಿದೆ. ಆ ಮೈಕಿನ ಧ್ವನಿ ಎದುರಿನ ಬಸ್ ಸ್ಟಾಪಿಗೂ ಕೇಳುತ್ತದೆ.

ನಾನು ಅಂದೇ ಕೆಲಸಕ್ಕೆ ಕೂತೆ. ಒಂದು ಫಾರಂ ತಯಾರಿಸಿದೆ. ಯಾವ ಪದವನ್ನೂ ಮೊಟಕು ಮಾಡಬೇಡಿ. ಉದ್ಯೋಗವನ್ನು ಬೇರೆಯವರಿಗೆ ಅರ್ಥವಾಗುವಂತೆ ಬರೆಯಿರಿ. ಹೆಸರಿಗೆ ಇನಿಷಿಯಲ್ ಇದ್ದರೆ ಪ್ರತಿ ಅಕ್ಷರವೂ ಏನೆಂದು ಪೂರ್ತಿ ಬರೆಯಿರಿ. ಈ ಕೊನೆಯದಕ್ಕೆ ಬಲವಾದ ಕಾರಣವಿತ್ತು. ಡಚ್ಚರಿಗೆ ಇನಿಷಿಯಲ್ ಎಂದರೆ ಆ ಮನುಷ್ಯನದೇ ಹೆಸರಿನ ಮೊದಲಕ್ಷರ. ನಮ್ಮಲ್ಲಿ ಅದು ಊರಿರಬಹುದು, ಅಪ್ಪನಿರಬಹುದು, ಮನೆತನವಿರಬಹುದು. ನಮ್ಮಪ್ಪನ ಹೆಸರಿನ ‘ಎಚ್’ ಏನೆಂದು ಮುನಿಸಿಪಾಲಿಟಿಯಲ್ಲಿ ಕೇಳಿದಾಗ ಹುಣಸೂರು ಎಂದಿದ್ದರು. ಅಂದಿನಿಂದ ಅಲ್ಲಿಯ ಹೆಂಗಸು ಅವರನ್ನು ಪ್ರೀತಿಯಿಂದ ‘ಹುಣಸೂರ್’ ಎಂದೇ ಕರೆಯುತ್ತಾರೆ.

ಫೋನಿನಲ್ಲಿ ಮಾತಾಡಲು ನನ್ನಿಂದಾಗದು. ಆದ್ದರಿಂದ ಮೂವತ್ತೊಂದು ಮನೆಗಳಿಗೂ ಅಂಚೆಯಲ್ಲೇ ಕಳಿಸಿದೆ. ಹತ್ತೊಂಬತ್ತು ಜನ ‘ಎನ್.ಎ.’ ತುಂಬಿ ವಾಪಸ್ ಕಳಿಸಿದರು. ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಏನು ಹಾಗೆಂದರೆ ಎಂದು ಬರೆದು, ತಿರುಗಿ ಅವರಿಗೇ ಕಳಿಸಿದೆ.

"ಅವರೇನು ನಿನ್ನ ಸ್ಟೂಡೆಂಟ್ಸಾ?" ಎಂದಳು ಅಮ್ಮ. "ದೊಡ್ಡವರಿಗೆ ಕೆಂಪು ಶಾಯೀಲಿ ಬರೀತಾರೇನೋ?"

"ತಪ್ಪಿಗೆ ವಯಸ್ಸಿಲ್ಲಮ್ಮ. ನಮ್ಮನೆ ಫಾರಂ ಎಲ್ಲಿ? ನೀನೂ ಕೊಟ್ಟಿಲ್ಲ."

"ಬರೀತಾ ಇದೀನಿ ಕಣೋ. ಅಪ್ಪನ ಕೆಲಸ ಐ.ಟಿ. ಅಂತ ಹಾಕಲಾ?"

"ಹಾಕಬಾರದು. ಇನ್‌ಕಂ ಟ್ಯಾಕ್ಸ್ ಅಂತಾನೂ ಆಗುತ್ತೆ."

"ಅದನ್ನೂ ಕಟ್ತಾರಲ್ಲ!"

"ಅಮ್ಮಾ!"

"ಸರಿ ಮಾರಾಯ, ಅರ್ಥ ಆಗೋ ಹಾಗೇ ಬರೀತೀನಿ. ಚೀರಬೇಡ."

ಇಲ್ಲಿ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಆಗ ನನಗದು ಹೊಳೆದಿರಲಿಲ್ಲ. ನಮ್ಮ ಮೂವತ್ತೊಂದು ಮನೆಗಳಲ್ಲೂ ಫಾರಂ ತುಂಬುವವರು ಹೆಂಗಸರು. ವೀಸಾ ಇರಲಿ, ಶಾಲೆ ಇರಲಿ, ಗಂಡಸರು ಆಫೀಸಿಗೆ ಹೋಗಿರುವಾಗ ಹೆಂಗಸರು ಎಲ್ಲವನ್ನೂ ತುಂಬಿಡುತ್ತಾರೆ. ಗಂಡಸರು ಸಂಜೆ ಬಂದು, ಟಿವಿಯಿಂದ ಕಣ್ಣು ಕೀಳದೆ, ಬೆರಳು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾರೆ. ಅಂದರೆ ನಾನು ಈ ದೇಶದ ಮೂವತ್ತೊಂದು ಕನ್ನಡ ಗೃಹಿಣಿಯರಿಗೆ ಪತ್ರ ಬರೆದು, ನಿಮ್ಮ ಗಂಡನ ಹೆಸರಿನ ಹಿಂದೆ ಏನಿದೆ, ಅವರು ಮಾಡುವ ಕೆಲಸ ನಿಜಕ್ಕೂ ಏನು, ಒಂದಕ್ಷರವೂ ಬಿಡದೆ ಬರೆಯಿರಿ ಎಂದು ಬೇಡಿಕೊಂಡ ಹಾಗಾಗಿತ್ತು. ಅವರು ಇಂಥದೊಂದು ಪತ್ರಕ್ಕಾಗಿ ಮದುವೆಯಾದಂದಿನಿಂದ ಕಾದಿದ್ದರೋ ಏನೋ.

ಬಂದದ್ದನ್ನು ಒಂದಕ್ಷರ ಬದಲಿಸದೆ ಟೈಪ್ ಮಾಡಿದೆ. ಅದು ನನ್ನ ವ್ರತ. ಶೇಷಾದ್ರಿ ಅಂಕಲ್ ಫಾರಂನಲ್ಲಿ ಮಾತ್ರ ಸ್ವಲ್ಪ ತಡೆದೆ. ಅವರ ‘ಕೆ’ ಎಂದರೆ ‘ಕುಳ್ಳ’ ಎಂದಿತ್ತು. ಆರಡಿ ಎರಡಂಗುಲದ ಮನುಷ್ಯ! ಬಹುಶಃ ಊರಿನ ಹೆಸರಿರಬೇಕೆಂದು ಲೈಬ್ರರಿಯ ಭೂಪಟದಲ್ಲಿ ಒಂದು ಮಧ್ಯಾಹ್ನ ಹುಡುಕಿದೆ. ಸಿಗಲಿಲ್ಲ. ಕೊನೆಗೆ ಪ್ರತಿ ಮನೆಯ ಪುಟವನ್ನೂ ಅಚ್ಚು ಹಾಕಿ, ‘ಎಲ್ಲವೂ ಸರಿಯಾಗಿದ್ದರೆ ಸಹಿ ಮಾಡಿ ಕಳಿಸಿ’ ಎಂದು ಮತ್ತೊಮ್ಮೆ ಅಂಚೆಗೆ ಹಾಕಿದೆ. ಮೂವತ್ತೊಂದೂ ಸಹಿಯಾಗಿ ಬಂದವು. ಶೇಷಾದ್ರಿ ಅಂಕಲ್ ಸಹಿ ಎಲ್ಲರಿಗಿಂತ ದೊಡ್ಡದಾಗಿತ್ತು. ಅವನ್ನೆಲ್ಲ ಒಂದು ಫೈಲಿನಲ್ಲಿ ಸೇರಿಸಿ ನನ್ನ ಹತ್ತಿರವೇ ಇಟ್ಟುಕೊಂಡೆ. ಟೈಪ್ ಮಾಡಿದ ಪುಟಗಳನ್ನು ನಕಲು ತೆಗೆಸಿ ಪುಸ್ತಕ ಕಟ್ಟಿಸುವುದಕ್ಕೆ ನೈಮೆಗನ್‌ಗೆ ಕಳಿಸಿದೆ. ಮೊದಲ ಪುಟದಲ್ಲಿ ಹೀಗೆ ಟೈಪ್ ಮಾಡಿದ್ದೆ: ‘ಈ ಪುಸ್ತಕದಲ್ಲಿ ಯಾವ ಪದವನ್ನೂ ಮೊಟಕು ಮಾಡಿಲ್ಲ.’ ಆ ವಾಕ್ಯವನ್ನು ಓದಿ ಓದಿ ನನಗೇ ಕಣ್ಣು ತುಂಬಿತು. ಮೈಕು, ಕಟ್ಟೆ, ಬಸ್ ಸ್ಟಾಪು ಎಲ್ಲ ದೂರ ಸರಿದಂತಾಯಿತು.

ಯುಗಾದಿಯ ನಂತರದ ಶನಿವಾರ ಡೆಲ್ಫ್ಟಿನ ಒಂದು ಬಾಡಿಗೆ ಹಾಲಿನಲ್ಲಿ ಊಟ. ಬೇವು ಬೆಲ್ಲ ಕೊಟ್ಟಾಯಿತು, ಮಕ್ಕಳ ಹಾಡೂ ಆಯಿತು. ಶೇಷಾದ್ರಿ ಅಂಕಲ್ ಎರಡು ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿದರು. ಅಮೂಲ್ಯಾ ಮನೆಗೊಂದರಂತೆ ಪುಸ್ತಕ ಹಂಚಿದಳು. ನಾನು ಬಾಗಿಲ ಬಳಿ, ಕೋಟುಗಳ ಸ್ಟ್ಯಾಂಡಿನ ಹಿಂದೆ, ಫೈಲನ್ನು ಎದೆಗೆ ಅವುಚಿಕೊಂಡು ನಿಂತೆ. ಅಪ್ಪ ಹಾಲಿನ ನಡುವೆ ಕುರ್ಚಿ ಹಾಕಿ ನ್ಯಾಯಾಧೀಶರಂತೆ ಕೂತರು.

ಎಲ್ಲರೂ ಮೊದಲು ತೆಗೆದದ್ದು ತಮ್ಮ ಪುಟವನ್ನಲ್ಲ, ಪಕ್ಕದವರದನ್ನು. ಹಾಳೆಗಳು ಪಟಪಟ ಮಗುಚಿದವು. ಆಮೇಲೆ ಮೂಲೆಯಲ್ಲಿ ಯಾರೋ ಕಿಸಕ್ಕೆಂದರು.

"ಯಾರ್ರೀ ಅದು ಕುಳ್ಳ ಶೇಷಾದ್ರಿ?"

ಶೇಷಾದ್ರಿ ಅಂಕಲ್ ತಮ್ಮ ಪುಟ ತೆಗೆದರು. ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು. "ಏನಿದು? ಕೆ ಅಂದ್ರೆ ಕೌಶಿಕ! ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದೀನಿ, ಕೌಶಿಕ ಶೇಷಾದ್ರಿ ಅಂತ! ಎಲ್ಲಿ ಆ ಹುಡುಗ?"

"ಹುಡುಗನ್ನ ಯಾಕೆ ಕೇಳ್ತೀರಾ? ಬರೆದದ್ದು ನಾನು," ಎಂದರು ಅವರ ಹೆಂಡತಿ ವಾಸಂತಿ ಆಂಟಿ, ಪಾಯಸದ ಪಾತ್ರೆಯಿಂದ ತಲೆ ಎತ್ತದೆ. "ಒಂದನೇ ಕ್ಲಾಸಲ್ಲಿ ಮೂರು ಜನ ಶೇಷಾದ್ರಿ ಇದ್ರಂತೆ. ಹೆಡ್‌ಮಾಸ್ಟರು ಗುರುತಿಗೆ ಆಗ ಕುಳ್ಳಗಿದ್ದ ಇವರ ಹೆಸರಿನ ಹಿಂದೆ ಕೆ ಹಾಕಿದ್ರಂತೆ. ಅತ್ತೆ ಸಾಯೋ ಮುಂಚೆ ನನಗೊಬ್ಬಳಿಗೇ ಹೇಳಿದ್ರು. ನಾನು ಮೊದಲು ಎನ್.ಎ. ಅಂತ ಹಾಕಿದ್ದಕ್ಕೆ, ಏನು ಹಾಗೆಂದರೆ ಅಂತ ಹುಡುಗ ಕೆಂಪು ಶಾಯೀಲಿ ಬರೆದಿದ್ದ."

"ನಾನು ಸೈನ್ ಮಾಡಿಲ್ಲ!"

ನಾನು ಸ್ಟ್ಯಾಂಡಿನ ಹಿಂದಿನಿಂದ ಮೆಲ್ಲಗೆ ಬಂದು, ಫೈಲು ಬಿಚ್ಚಿ, ಅವರ ದೊಡ್ಡ ಸಹಿಯ ಮೇಲೆ ಬೆರಳಿಟ್ಟು ತೋರಿಸಿದೆ.

"ಓದದೇ ಸೈನ್ ಮಾಡಿದ್ರಾ ಅಧ್ಯಕ್ಷರೇ?" ಎಂದು ಯಾರೋ ಕೇಳಿದರು.

ಶೇಷಾದ್ರಿ ಅಂಕಲ್ ಸಹಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಓದೇ ಮಾಡಿದೀನಿ," ಎಂದರು. ಆಮೇಲೆ ಕುರ್ಚಿಯ ಮೇಲೆ ಹತ್ತಿ ನಿಂತು ಸೂರು ಮುಟ್ಟಿ ತೋರಿಸಿದರು. "ನೋಡ್ರಪ್ಪಾ ಕುಳ್ಳನ್ನ! ಆ ಹೆಡ್‌ಮಾಸ್ಟರಿಗೆ ಭವಿಷ್ಯ ಗೊತ್ತಿರಲಿಲ್ಲ ಅಷ್ಟೆ." ಹಾಲೆಲ್ಲ ಚಪ್ಪಾಳೆ.

"ಹಾಗಾದ್ರೆ ಕಂಪ್ಲೇಂಟ್ ಇಲ್ಲ?" ಎಂದರು ಅಪ್ಪ.

"ಇಲ್ಲ. ಯಾವ ಕಂಪ್ಲೇಂಟೂ ಇಲ್ಲ."

ಅಷ್ಟರಲ್ಲಿ ಬಸವಲಿಂಗಪ್ಪ ಅಂಕಲ್ ಎದ್ದರು. "ತಮ್ಮಾ, ಯು ಅಂತ ಇದ್ದದ್ದನ್ನ ಉಳ್ಳಾಗಡ್ಡಿ ಅಂತ ಬಿಡಿಸಿ ಬರದೀಯಲ್ಲೋ? ಈ ಮೈಸೂರು ಮಂದಿ ಸಾರಿಗೆ ಈರುಳ್ಳಿ ಎಷ್ಟು ಹಾಕೂಣು ಅಂತ ಕೇಳಾಕ ಹತ್ಯಾರ."

ಗೌರಾಬಾಯಿ ಆಂಟಿ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಬಂದರು. "ಬರದಾಕಿ ನಾ. ನಿಮ್ಮ ಮನಿತನದ ಹೆಸರು ಹೇಳಾಕ ನಿಮಗ್ಯಾಕ ನಾಚಿಕಿ? ಉಳ್ಳಾಗಡ್ಡಿ ಮನಿತನಾ ಅಂದ್ರ ನಮ್ಮ ಊರಾಗ ಬಸ್ ನಿಲ್ತಿತ್ತು. ಸಹಿ ಯಾರದು?"

"ನಂದ."

"ಮತ್ತ? ಮ್ಯಾಚ್ ನೋಡಕೋತ ಮಾಡಿದ್ರೋ, ಓದಿ ಮಾಡಿದ್ರೋ?"

"ಓದಿ," ಎಂದರು ಬಸವಲಿಂಗಪ್ಪ ಅಂಕಲ್ ಸಣ್ಣ ಧ್ವನಿಯಲ್ಲಿ, ಕೂತುಕೊಳ್ಳುತ್ತ. "ಕಂಪ್ಲೇಂಟ್ ಏನಿಲ್ರಿ ಮಹಾಬಲೇಶ್ವರ. ಸುಮ್ಮ ಕೇಳಿದೆ."

ಹೀಗೇ ಒಬ್ಬೊಬ್ಬರಾಗಿ ಎದ್ದರು, ಹೆಂಡತಿಯ ಮುಖ ನೋಡಿದರು, ಫೈಲು ನೋಡಿದರು, ಕೂತರು. ಓದದೇ ಸಹಿ ಮಾಡಿದೆ ಎಂದು ಒಪ್ಪಿಕೊಳ್ಳುವ ಗಂಡಸು ಆ ಹಾಲಿನಲ್ಲಿ ಒಬ್ಬನೂ ಇರಲಿಲ್ಲ. ಕೊನೆಗೆ ಅಪ್ಪ ನಗುತ್ತ ನಮ್ಮ ಮನೆಯ ಪುಟ ತೆಗೆದರು. ನಗು ಹಾಗೇ ನಿಂತಿತು. ಉದ್ಯೋಗ ಎನ್ನುವ ಕಡೆ ಅಮ್ಮ ಅಚ್ಚ ಇಂಗ್ಲಿಷಿನಲ್ಲಿ, ಯಾರಿಗಾದರೂ ಅರ್ಥವಾಗುವ ಹಾಗೆ ಬರೆದಿದ್ದಳು: ‘ತೊಂಬತ್ತೊಂಬತ್ತರ ಹಿಂದೆ ಹತ್ತೊಂಬತ್ತು ಬರೆಯುವುದು.’

"ಪದ್ಮಿನೀ! ಹದಿನೆಂಟು ವರ್ಷದ ಎಕ್ಸ್‌ಪೀರಿಯೆನ್ಸ್ ನನಗೆ! ಇದನ್ನ..."

"ದಿನಾ ಸಂಜೆ ಏನು ಮಾಡಿದ್ರಿ ಅಂದ್ರೆ ನೀವೇ ಹಾಗೆ ಹೇಳೋದು," ಎಂದಳು ಅಮ್ಮ. "ಯಾಕೆ, ಕಂಪ್ಲೇಂಟಾ?"

ಇಡೀ ಹಾಲು ಅಪ್ಪನನ್ನೇ ನೋಡುತ್ತಿತ್ತು. ಅಪ್ಪ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. "ಕಂಪ್ಲೇಂಟ್ ಅಲ್ಲ," ಎಂದರು.

ಮೂವತ್ತೊಂದಕ್ಕೆ ಮೂವತ್ತೊಂದು! ನಾನು ಗೆದ್ದಿದ್ದೆ. ಅಮೂಲ್ಯಾ ಕೊನೆಗೆ ಉಳಿದಿದ್ದ ಒಂದು ಪ್ರತಿಯನ್ನು ನನ್ನ ಕೈಗೆ ತುರುಕಿದಳು. ನನ್ನ ಪುಸ್ತಕವನ್ನು ನಾನು ನೋಡಿದ್ದೇ ಆಗ. ಪ್ರೀತಿಯಿಂದ ಮೊದಲ ಪುಟ ತೆರೆದೆ.

ಅದು ನಾನು ಮಾಡಿದ ಪುಟವಾಗಿರಲಿಲ್ಲ.

ಶೇಷಾದ್ರಿ ಅಂಕಲ್ ನಕಲು ತೆಗೆಸುವಾಗ ತಮ್ಮದೊಂದು ಪುಟವನ್ನು ಮುಂದೆ ಸೇರಿಸಿಬಿಟ್ಟಿದ್ದರು. ಮೇಲೆ ದಪ್ಪಕ್ಷರದಲ್ಲಿ ‘ಪ್ರೆಸ್. ಮೆಸ್.’ ಎಂದಿತ್ತು. ಕೆಳಗೆ ‘ಡಿ. ಫ್ರೆಂ., ದಿಸ್ ಡಿರೆ. ಈಸ್ ರೆವೈ. ಎಡಿ. ವಿತ್ ಕೋ-ಆಪ್. ಆಫ್ ಆಲ್ ಮೆಂ. & ಫ್ಯಾ.’ ಎಂದು ಶುರುವಾಗಿ, ಚುಕ್ಕಿಯ ಮೇಲೆ ಚುಕ್ಕಿ, ಪುಟದ ತುಂಬ ಇರುವೆ ಸಾಲು. ಕಟ್ಟಕಡೆಗೆ ಪುಟ್ಟ ಅಕ್ಷರದಲ್ಲಿ: ‘ಅಸಿ. — ಅನಿ.’ ಅಸಿಸ್ಟೆಂಟ್ ಎಂದಿರಬೇಕು.

ನನ್ನ ತಲೆಯಲ್ಲಿ ಏನೋ ಸಿಡಿಯಿತು.

"ಇದು ಯಾರು ಮಾಡಿದ್ದು?"

ಆ ಕೂಗು ಯಾರದೆಂದು ನಾನೇ ತಿರುಗಿ ನೋಡಿದೆ. ನನ್ನದೇ ಆಗಿತ್ತು. ಬಾಡ್‌ಹೂವೆಡಾರ್ಪ್ ಆಗಿದ್ದರೆ ಯಾವುದಾದರೂ ವಿಮಾನ ಹಾದುಹೋಗಿ ನನ್ನ ಮರ್ಯಾದೆ ಉಳಿಸುತ್ತಿತ್ತು. ಡೆಲ್ಫ್ಟಿನ ಆಕಾಶದಲ್ಲಿ ಒಂದು ಕಾಗೆಯೂ ಕೂಗಲಿಲ್ಲ.

"ನಾನಪ್ಪಾ," ಎಂದರು ಶೇಷಾದ್ರಿ ಅಂಕಲ್, ಪಾಯಸದ ಲೋಟ ಹಿಡಿದುಕೊಂಡೇ. "ಒಂದೇ ಪುಟದಲ್ಲಿ ಹಿಡಿಸಬೇಕಿತ್ತು. ಜಾಗ ಸಾಲಲಿಲ್ಲ, ಅದಕ್ಕೇ ಒಂಚೂರು..."

"ಒಂಚೂರಾ? ಅಂಕಲ್, ಇದರಲ್ಲಿ ಐವತ್ಮೂರು ಚುಕ್ಕಿ ಇದೆ! ಪ್ರೆಸ್ ಅಂದ್ರೆ ಏನು? ಪ್ರೆಸಿಡೆಂಟಾ, ಪ್ರೆಸೆಂಟಾ, ಪ್ರಿಂಟಿಂಗ್ ಪ್ರೆಸ್ಸಾ? ಮೆಸ್ ಅಂದ್ರೆ ಮೆಸೇಜ್ ಅಂತ ಓದೋರಿಗೆ ಹೇಗೆ ಗೊತ್ತಾಗಬೇಕು, ಮೈಸೂರಲ್ಲಿ ನಾವು ಊಟಕ್ಕೆ ಹೋಗ್ತಿದ್ದದ್ದು ಮೆಸ್ಸಿಗೆ! ಫ್ಯಾ ಅಂದ್ರೆ ಫ್ಯಾಮಿಲಿನಾ, ಫ್ಯಾಕ್ಟರಿನಾ, ಫ್ಯಾನಾ? ಮುಂದಿನ ಪುಟದಲ್ಲಿ ನಾನು ಬರೆದಿದೀನಿ, ಯಾವ ಪದವನ್ನೂ ಮೊಟಕು ಮಾಡಿಲ್ಲ ಅಂತ. ಹಿಂದಿನ ಪುಟದಲ್ಲಿ ನೀವು ಎಲ್ಲಾ ಪದದ ಕೈಕಾಲೂ ಕತ್ತರಿಸಿ ಇಟ್ಟಿದೀರ. ಓದಿದವರು ನನ್ನ ಬಗ್ಗೆ ಏನಂದುಕೋಬೇಕು? ಎರಡು ತಿಂಗಳು! ಮೂವತ್ತೊಂದು ಮನೆಗೆ ಎಂಬತ್ತೊಂದು ಕಾಗದ ಬರೆದೆ! ಎಲ್ಲರ ಊರು, ಮನೆತನ, ಹೆಡ್‌ಮಾಸ್ಟರು, ಎಲ್ಲಾ ಪೂರ್ತಿ ಬರೆದವನ ಹೆಸರನ್ನ ಅನಿ ಅಂತ ಮೂಲೇಲಿ ಬಿಸಾಕಿದೀರಲ್ಲ! ಅನಿ ಅಂದ್ರೆ ಅನಿರುದ್ಧ ಅಂತಾನೇ ಯಾಕಾಗಬೇಕು, ಅನಿಷ್ಟ ಅಂತಾನೂ ಆಗಬಹುದು!"

ಇಷ್ಟಕ್ಕೆ ನಿಲ್ಲಿಸಲಿಲ್ಲ. ಅಲ್ಲಿಂದ ಸಾಲು ಸಾಲಾಗಿ, ಒಂದು ಚುಕ್ಕಿಯನ್ನೂ ಬಿಡದೆ, ಕೊನೆಯವರೆಗೂ ಓದಿ ತಪ್ಪು ತೋರಿಸಿದೆ. ಹೋಳಿಗೆ ಬಡಿಸುತ್ತಿದ್ದವರು ಕೈಯಲ್ಲಿ ಹೋಳಿಗೆ ಹಿಡಿದೇ ನಿಂತಿದ್ದರು. ನನ್ನ ಮಾತು ಮುಗಿದಾಗ ಹಾಲಿನಲ್ಲಿ ಎಂಬತ್ತು ಜನರೂ ನನ್ನ ಕಡೆ ತಿರುಗಿ ಕೂತಿದ್ದು ಕಾಣಿಸಿತು. ಮೊದಲು ಚಪ್ಪಾಳೆ ತಟ್ಟಿದವರು ಗೌರಾಬಾಯಿ ಆಂಟಿ. "ಏನ್ ಮಾತಾಡ್ತೈತ್ರಿ ಹುಡುಗ! ಪದ್ಮಿನಿ, ನಿಮ್ಮ ಮಗಾ ಮೂಕ ಅಂತ ತಿಳಿದಿದ್ದೆ ನಾ." ಆಮೇಲೆ ಎಲ್ಲರೂ ತಟ್ಟಿದರು. ಶೇಷಾದ್ರಿ ಅಂಕಲ್ ಕೂಡ ಲೋಟ ಕೆಳಗಿಟ್ಟು ತಟ್ಟಿದರು.

ಅಪ್ಪ ಮಾತ್ರ ತಟ್ಟಲಿಲ್ಲ. ಗಡಿಯಾರ ನೋಡಿಕೊಳ್ಳುತ್ತಿದ್ದರು.

"ಆರು ನಿಮಿಷ," ಎಂದರು. "ಮುಗೀತಾ?"

"ಮುಗೀತು."

"ಈ ಆರು ನಿಮಿಷ ನೀನು ಮಾಡಿದ್ದಕ್ಕೆ ಏನು ಅಂತಾರೆ? ಯೋಚನೆ ಮಾಡಿ ಹೇಳು. ಸರಿಯಾದ ಪದಾನೇ ಬೇಕು."

ಸರಿಯಾದ ಪದವನ್ನು ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ಸಿಟ್ಟಿನಲ್ಲಿದ್ದರೂ ಯೋಚಿಸಿದೆ. ವಿಮರ್ಶೆ ಎನ್ನಬಹುದಿತ್ತು. ಆದರೆ ಅದು ಪೂರ್ತಿ ನಿಖರವಲ್ಲ. ಪುಸ್ತಕದ ಮೇಲೆ, ಅದನ್ನು ಮಾಡಿದವರ ಮುಂದೆ, ನನಗಾದ ಅನ್ಯಾಯವನ್ನು ಹೇಳಿಕೊಂಡಿದ್ದೆ.

"ಕಂಪ್ಲೇಂಟ್," ಎಂದೆ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ.

ಅಪ್ಪ ಒಂದು ಬೆರಳು ಎತ್ತಿ ಹಿಡಿದರು. ಒಂದೇ ಬೆರಳು. ಆಗ ನನಗೆ ಅರ್ಥವಾಯಿತು.

"ಅಪ್ಪಾ, ಇದು ಲೆಕ್ಕಕ್ಕಿಲ್ಲ! ನನ್ನದೇ ಪುಸ್ತಕ, ನಾನೇ..."

"ಕಂಪ್ಲೇಂಟ್ ಯಾರದು ಅಂತ ನಾನು ಹೇಳಿರಲಿಲ್ಲವಲ್ಲ. ಅದೂ ಅಲ್ಲದೆ, ಜನರ ಮುಂದೆ ಬಾಯಿ ಬಿಡೋಕೆ ಬರಲ್ಲ ಅಂತ ಇದ್ದ ಒಂದೇ ಒಂದು ಕಾರಣಾನೂ ನೀನೇ ಮುಗಿಸಿದೆ. ಬಾಯಿ ಬಿಡಿಸೋ ಕೆಲಸಾನೇ ಪ್ರಹ್ಲಾದನಿಗೆ ಇಲ್ಲ ಇನ್ನು. ಜೂನಿಗೆ ಮೈಸೂರು."

ಅಮ್ಮನ ಕಡೆ ನೋಡಿದೆ. ಅಮ್ಮ ಅಪ್ಪನಿಗೆ ಎದುರು ಏನಾದರೂ ಹೇಳುತ್ತಾಳೆಂದು ಕಾದೆ. ಅವಳು ಬಡಿಸುವವರ ಕೈಯಿಂದ ಎರಡು ಹೋಳಿಗೆ ತೆಗೆದು ನನ್ನ ತಟ್ಟೆಗೆ ಹಾಕಿ, ಮೇಲೆ ತುಪ್ಪ ಸುರಿದಳು.

"ಈಗಲೇ ತಿಂದ್ಕೋ ಕಂದ," ಎಂದಳು. "ಪ್ರಹ್ಲಾದನ ಮನೇಲಿ ಹೋಳಿಗೆಗೆ ಬೆಲ್ಲ ಕಮ್ಮಿ ಹಾಕ್ತಾರೆ."